ಸಾಣೇಹಳ್ಳಿಗೆ ದಬ್ಕೆ ಬರಲಿ

ಒಂದು ಜನಾಂಗವನ್ನು ಸುದ್ದಿಗಿಂತ ಅದರ ಕುಣಿತ, ನಾಟಕಗಳೇ ಚೆನ್ನಾಗಿ ಪರಿಚಯಿಸುತ್ತವೆ ಅಂತ ಇವತ್ತು ಬಲವಾಗಿ ಅನ್ನಿಸಿತು. ಪ್ಯಾಲೆಸ್ಟೀನ್ ಅಂದರೆ ನಮ್ಮ ಕಣ್ಣಮುಂದೆ ಬರುವುದು ಯುದ್ಧ ಮಾತ್ರ. ಆದರೆ ಮದುವೆಗಳಲ್ಲಿ ಕೈಕೈ ಹಿಡಿದು, ನೆಲಕ್ಕೆ ಹೆಜ್ಜೆ ಅಪ್ಪಳಿಸಿ ಕುಣಿಯುವ ಅವರ ದಬ್ಕೆಯನ್ನು ಯುನೆಸ್ಕೊ 2023ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಲ್ಲಿನ ಜೆನಿನ್ ನಿರಾಶ್ರಿತರ ಶಿಬಿರದ ಫ್ರೀಡಂ ಥಿಯೇಟರ್, ದೆಹಲಿಯ ಜನ ನಾಟ್ಯ ಮಂಚ್ ಜೊತೆಗೂಡಿ ಭಾರತದಲ್ಲೇ ನಾಟಕ ಆಡಿದೆ.

ಭಾಷೆ ಬಾರದವರಿಗೆ ಏನು ದಕ್ಕೀತು ಅನ್ನುವವರಿಗೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯನ್ನು ತೋರಿಸಬೇಕು. ಅಲ್ಲಿನ ಮಠದ ಪಂಡಿತಾರಾಧ್ಯ ಸ್ವಾಮೀಜಿ ಕಟ್ಟಿದ ಶಿವಸಂಚಾರ ನಾಟಕ ತಂಡ ಕನ್ನಡನಾಡಿನ ಊರೂರು ತಿರುಗಿದ್ದಷ್ಟೇ ಅಲ್ಲ, ಶರಣರ ವಚನಗಳನ್ನು ಹಿಂದಿಗೆ ತಂದು ಹೊರರಾಜ್ಯಗಳ ವೇದಿಕೆಗೂ ಒಯ್ದಿದೆ. ಹಳ್ಳಿಯೊಂದರ ಮಠಕ್ಕೆ ಆಗಿದ್ದು ಬೇರೆಯವರಿಗೆ ಯಾಕಾಗಬಾರದು?

ಹೀಗೆ ಹೊರಗೆ ಒಯ್ದ ಕಲೆ ಬರೀ ಪ್ರದರ್ಶನದ ಸರಕಾಗುತ್ತದೆ ಎಂಬ ಆತಂಕವೂ ಇದೆ, ಅದು ಸುಳ್ಳಲ್ಲ. ಹಿನ್ನೆಲೆ ಬಿಟ್ಟು ವೇಷವನ್ನಷ್ಟೇ ತೋರಿಸಿದರೆ ಹಾಗೇ ಆಗುವುದು. ಅದಕ್ಕೇ ಕುಣಿತದ ಜೊತೆ ನಾಟಕ ಇರಬೇಕು. ಕುಣಿಯುವವರು ಯಾರು, ಎಲ್ಲಿಂದ ಬಂದವರು ಅಂತ ಅದು ಹೇಳುತ್ತದೆ. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಒಂದು ಸಂಜೆ ದಬ್ಕೆ, ಅದರ ಬೆನ್ನಿಗೇ ನಮ್ಮ ವೀರಗಾಸೆ ಇದ್ದರೆ ಹೇಗೆ? ನೀವೇನಂತೀರಿ?