ದೋಸೆ ಕಲಸಿದರೆ ಸೋಡಾ

ಸ್ಕ್ರ್ಯಾಬಲ್ ಆಟದಲ್ಲಿ ನನಗೆ ತುಂಬ ಇಷ್ಟವಾದದ್ದು ಅಂಕ ಬರುವ ಗಳಿಗೆಯಲ್ಲ. ಅದಕ್ಕೂ ಮುಂಚೆ ಇಂಗ್ಲಿಷ್ ಅಕ್ಷರಗಳಿರುವ ಏಳು ಬಿಲ್ಲೆಗಳನ್ನು ಬೆರಳಲ್ಲಿ ಅತ್ತಿತ್ತ ಸರಿಸುತ್ತ ಸುಮ್ಮನೆ ಕೂರುವ ಹೊತ್ತು. ಟಿ, ಇ, ಎ ಕೈಗೆ ಬಂದರೆ 'ಟೀ' ಸಿದ್ಧ. ಮುಂದಿರುವ ಟಿಯನ್ನು ಕೊನೆಗೆ ಕಳಿಸಿ, 'ಈಟ್'. ಈಗ ಮುಂದೆ ಬಂದ ಇಯನ್ನೂ ಕೊನೆಗೆ ಕಳಿಸಿ, 'ಏಟ್'. ಎಯನ್ನೂ ಹಾಗೇ ಮಾಡಿದರೆ ತಿರುಗಿ ಟೀ! ಮೂರೇ ಬಿಲ್ಲೆ, ಒಂದು ಸುತ್ತು. ಎಷ್ಟು ಸಲ ಆಡಿದರೂ ನನಗೆ ಬೇಸರವಿಲ್ಲ.

ಕನ್ನಡದಲ್ಲಿ ಬರೆದಾಗ ಈ ಮೂರರ ನಂಟು ಕಾಣುವುದೇ ಇಲ್ಲ. ನಮ್ಮಲ್ಲಿ ಸ್ವರ ವ್ಯಂಜನಕ್ಕೆ ಅಂಟಿಕೊಂಡೇ ಓಡಾಡುತ್ತದೆ. 'ನದಿ' ತಿರುಗಿಸಿದರೆ 'ದಿನ', 'ಕಪಿ' ತಿರುಗಿಸಿದರೆ 'ಪಿಕ'. ಜಾಗ ಬದಲಾದರೂ ದಿ ದಿಯೇ, ಪಿ ಪಿಯೇ. ಇಂಗ್ಲಿಷ್ ಅಕ್ಷರ ಹಾಗಲ್ಲ, ಪಕ್ಕದಲ್ಲಿ ಯಾರಿದ್ದಾರೆಂದು ನೋಡಿಕೊಂಡು ದನಿ ಬದಲಿಸುತ್ತದೆ. ಆದ್ದರಿಂದ ಈ ಆಟದಲ್ಲಿ ಕಿವಿಯನ್ನು ನಂಬಬಾರದು, ಕಣ್ಣನ್ನು ನಂಬಬೇಕು. ಒ, ಪಿ, ಎಸ್, ಟಿ ಎಂಬ ನಾಲ್ಕು ಬಿಲ್ಲೆಗಳಲ್ಲಿ ಸ್ಟಾಪ್, ಸ್ಪಾಟ್, ಪೋಸ್ಟ್, ಪಾಟ್ಸ್, ಟಾಪ್ಸ್, ಆಪ್ಟ್ಸ್ ಎಲ್ಲವೂ ಅಡಗಿ ಕೂತಿವೆ. ಪಳಗಿದ ಆಟಗಾರರು ಬಿಲ್ಲೆಗಳನ್ನು ಮೊದಲು ಎ-ಬಿ-ಸಿ-ಡಿ ಕ್ರಮಕ್ಕೆ ತಂದುಕೊಳ್ಳುತ್ತಾರೆ. ಅದಕ್ಕೆ ಆಲ್ಫಾಗ್ರಾಮ್ ಎಂದು ಹೆಸರು. ಆ ಕ್ರಮ ಕಂಡ ಕೂಡಲೇ ಅದರೊಳಗಿನ ಪದಗಳೆಲ್ಲ ಅವರಿಗೆ ನೆನಪಾಗಬೇಕು.

ಕಣ್ಣೊಂದರಿಂದಲೇ ಎಲ್ಲಿಯವರೆಗೆ ಹೋಗಬಹುದು? ನ್ಯೂಜಿಲೆಂಡಿನ ನೈಜಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು. ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದರು, ಆ ಭಾಷೆಯೂ ಬಾರದೆ. ಅವರನ್ನು ನೆನೆದಾಗಲೆಲ್ಲ ಬೆರಗಾಗುತ್ತೇನೆ. ಆದರೂ ಅರ್ಥದ ರುಚಿ ಬಿಟ್ಟು ಆಡುವುದು ನನಗೆ ಬೇಡ.

ಈ ಸುಖ ಕೊಟ್ಟವರು ನ್ಯೂಯಾರ್ಕಿನ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಹೋದಾಗ ಅವರು ಆಟ ಕಟ್ಟಲು ಕೂತರು, ಪತ್ರಿಕೆ ಹರಡಿಕೊಂಡು ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆಂದು ಎಣಿಸಿದರು. 100 ಬಿಲ್ಲೆಗಳಲ್ಲಿ ಇ 12 ಇದ್ದರೆ ಎಸ್ ಬರೀ 4. ಎಸ್ ಹೇರಳವಾಗಿದ್ದರೆ ಎಲ್ಲದಕ್ಕೂ ಬಹುವಚನ ಹಚ್ಚಿಕೊಂಡು ಆಟ ಸಪ್ಪೆಯಾಗುತ್ತಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಗ್ಗು ತರುವುದು ಸ್ಕ್ರ್ಯಾಬಲ್ ನಿಘಂಟಿನೊಳಗೆ ಹೋಗಿ ಸೇರಿರುವ ನಮ್ಮ ಕಡೆಯ ಪದಗಳು. 'ದೋಸಾ'ದ ಡಿ, ಎಸ್ ಜಾಗ ಬದಲಿಸಿಕೊಂಡರೆ 'ಸೋಡಾ'. 'ರಾಣಿ'ಯ ಕೊನೆಯೆರಡು ಅಕ್ಷರ ಅದಲುಬದಲಾದರೆ 'ರೇನ್', ಮಳೆ! 'ರೋಟಿ'ಯಲ್ಲಿ 'ಟ್ರಿಯೋ' ಇದೆ, 'ರಯಟ್' ಕೂಡ ಇದೆ. 'ಮ್ಯಾಂಗೋ' ಕಲಸಿದರೆ 'ಅಮಂಗ್'. 'ನಾನ್' ಕಲಸಿದರೆ 'ಅನ್ನಾ', ಅಂದರೆ ಹಳೆಯ ಕಾಲದ ನಮ್ಮ ಆಣೆ. ರೊಟ್ಟಿಯೊಳಗೇ ಅದರ ದುಡ್ಡು. ಇಂಥದ್ದು ತಾನಾಗಿ ಕಣ್ಣಿಗೆ ಬಿದ್ದ ದಿನ ಸೋತರೂ ನನಗೆ ಚಿಂತೆಯಿಲ್ಲ.

'ಇಡ್ಲಿ' ಮಾತ್ರ ಎಷ್ಟು ಕಲಸಿದರೂ ಇಡ್ಲಿಯೇ. ಆದರೆ ಎರಡು ಐ ಒಟ್ಟಿಗೆ ಬಂದು ಕೈ ಕಟ್ಟಿಹಾಕಿದಾಗ ಎರಡನ್ನೂ ಒಂದೇ ಏಟಿಗೆ ಇಳಿಸಿಬಿಡುವ ಪದ ಅದು. ಡಿ, ಎಲ್ ಸಿಗುವವರೆಗೆ ಕಾಯಲು ನಾನು ಸಿದ್ಧ.