ಸಸ್ಯಾಹಾರಿಗಳಾದ ಆ ಅರ್ಧ ಗಂಟೆ

ಕಳೆದ ಜೂನ್ ತಿಂಗಳ ಕೊನೆಯಲ್ಲಿ ಫಿನ್‌ಲ್ಯಾಂಡಿನ ಎಸ್ಪೋ ನಗರದಲ್ಲಿರುವ ಸೋದರಳಿಯನ ಮನೆಗೆ ಹೋಗಿದ್ದೆ. ಅಲ್ಲಿ ಬೇಸಗೆಯೆಂದರೆ ಕೆಂಡ ಮತ್ತು 'ಮಕ್ಕರ'. ದಪ್ಪನೆಯ ಸಾಸೇಜನ್ನು ಸಿಪ್ಪೆ ಬಿರಿದು ಕಪ್ಪಾಗುವವರೆಗೆ ಸುಟ್ಟು, ಸಾಸಿವೆಯ ಗೊಜ್ಜು ಹಚ್ಚಿ ತಿನ್ನುತ್ತಾರೆ. ಹೆಸರು ಮೊದಲು ನನ್ನ ಕಿವಿಗೆ 'ಮಕ್‌ರೂಹ್' ಎಂದೇ ಬಿದ್ದಿತ್ತು. ವಾಸ್ತವ ಅದಕ್ಕಿಂತಲೂ ಮುಂದಿತ್ತು: ಹೆಚ್ಚಿನವುಗಳಲ್ಲಿ ಹಂದಿಮಾಂಸ ಬೆರೆತಿರುತ್ತದೆ, ತಾಂಪೆರೆ ನಗರದ ಕಪ್ಪು ಮಕ್ಕರದಲ್ಲಿ ರಕ್ತವೂ ಇರುತ್ತದೆ.

ನೂಕ್ಸಿಯೊ ರಾಷ್ಟ್ರೀಯ ಉದ್ಯಾನದಲ್ಲಿ ಸಾರ್ವಜನಿಕರಿಗೆಂದೇ ಒಲೆ, ಸೌದೆಗಳನ್ನು ಇರಿಸಿದ್ದಾರೆ. ಒಲೆಯ ಬಳಿಯಿದ್ದ ವೃದ್ಧರೊಬ್ಬರು ತಮ್ಮ ಮಕ್ಕರವೊಂದನ್ನು ಪ್ರೀತಿಯಿಂದ ನನ್ನತ್ತ ಚಾಚಿದರು. ಅಳಿಯ ತಟ್ಟನೆ, "ನಾವು ಸಸ್ಯಾಹಾರಿಗಳು" ಎಂದುಬಿಟ್ಟ. ಧರ್ಮದ ಮಾತೆತ್ತಲು ಅವನಿಗೆ ಸಂಕೋಚ. ಮದ್ರಸದಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಸತ್ಯದ ಪಾಠ ಹೇಳಿದ ನಾನೂ ತಲೆಯಾಡಿಸಿದೆ! ನಮ್ಮ ಚೀಲದಲ್ಲೋ, ಹಲಾಲ್ ಅಂಗಡಿಯಿಂದ ತಂದ ಕೋಳಿ ಸಾಸೇಜುಗಳಿದ್ದವು. ಇನ್ನು ಅವನ್ನು ಹೊರತೆಗೆಯುವುದೆಂತು?

ಹಸಿವಿಗಿಂತ ನಾಚಿಕೆಯೇ ಹೆಚ್ಚಾಗಿ ಕಾಡಿತು. ಅರ್ಧ ಗಂಟೆ ಕಳೆದ ಮೇಲೆ ಅಳಿಯನಿಂದಲೇ ನಿಜ ಹೇಳಿಸಿದೆ. ವೃದ್ಧರು ನಕ್ಕರು. ಶಾಲೆಯಲ್ಲಿ ತಮ್ಮ ಪಕ್ಕದ ಬೆಂಚಿನಲ್ಲಿದ್ದವನು ತಾತಾರ್ ಮುಸ್ಲಿಮನೆಂದೂ, ಇದನ್ನು ಮೊದಲೇ ಹೇಳಬಾರದಿತ್ತೇ ಎಂದೂ ಕೇಳಿದರು. 1925ರಲ್ಲೇ ತಾತಾರರ ಜಮಾಅತ್‌ಗೆ ಮಾನ್ಯತೆ ನೀಡಿದ ದೇಶದಲ್ಲಿ ನಾವು ಹೆದರಿದ್ದಾದರೂ ಯಾರಿಗೆ?

ಅವರು ತಮ್ಮ ಮಕ್ಕರಗಳನ್ನು ಬದಿಗೆ ಸರಿಸಿ, ಜಾಲರಿಯ ಮೇಲೆ ಅಲ್ಯೂಮಿನಿಯಂ ಹಾಳೆ ಹಾಸಿಕೊಟ್ಟರು. ನಾನು ಬಿಸ್ಮಿಲ್ಲಾಹ್ ಹೇಳಿ ತಿಂದೆ. ಕೋಳಿಯದನ್ನು ರುಚಿ ನೋಡಿದ ಅವರು, ಇದಕ್ಕೆ ಸಾಸಿವೆ ಇನ್ನಷ್ಟು ಬೇಕೆಂದರು. ಗಂಟೆ ಎಂಟಾಗಿತ್ತು, ಮಗ್ರಿಬ್‌ಗೆ ಇನ್ನೂ ಮೂರು ಗಂಟೆಯಷ್ಟು ಬೆಳಕಿತ್ತು.