ಇನ್ನೂ ಸ್ವಲ್ಪ ಸಣ್ಣಗೆ

ನನ್ನ ಹೆಡ್‌ಫೋನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಸೊನ್ನೆಯಲ್ಲಿಟ್ಟರೆ ಕಾಷ್ಠಮೌನ. ಒಂದಕ್ಕೆ ಏರಿಸಿದೆನೋ, ಗಾಯಕರು ಪಕ್ಕವಾದ್ಯದವರ ಸಮೇತ ಕಿವಿಯೊಳಗೇ ಜಮಖಾನ ಹಾಸಿಕೊಂಡು ಕೂತುಬಿಡುತ್ತಾರೆ. ಎರಡು, ಮೂರು ಹೇಗಿರುತ್ತದೆಂದು ನಾನು ನೋಡಲು ಹೋಗಿಲ್ಲ. ಹದಿನೈದರವರೆಗೆ ಇದೆಯಂತೆ, ಯಾರಿಗೆಂದು ಮಾಡಿದ್ದಾರೋ ಅವರು ಚೆನ್ನಾಗಿರಲಿ. ನಮ್ಮ ಮನೆಯ ಫ್ಯಾನು ಇದಕ್ಕೆ ತದ್ವಿರುದ್ಧ. ಒಂದಕ್ಕಿಟ್ಟರೆ ತಿರುಗಲೋ ಬೇಡವೋ ಎಂದು ಯೋಚಿಸುತ್ತಾ ನಿಂತಿರುತ್ತದೆ. ಆ ಸಂಕೋಚದಲ್ಲಿ ಕಾಲು ಭಾಗ ಈ ಹೆಡ್‌ಫೋನಿಗಿದ್ದಿದ್ದರೆ ಸಾಕಿತ್ತು.

ತಂದುಕೊಟ್ಟವನು ಮಗ. ರಾತ್ರಿ ಮಲಗಿಕೊಂಡು ಒಂದಿಷ್ಟು ಸಂಗೀತ ಕೇಳುವುದು ನನ್ನ ಹಳೆಯ ಚಟ. ತಂತಿಯ ಇಯರ್‌ಫೋನ್ ಬೆಳಗಾಗುವಷ್ಟರಲ್ಲಿ ಕೊರಳಿಗೆ ಸುತ್ತಿಕೊಂಡು ಯಜಮಾನರನ್ನು ಗಾಬರಿಪಡಿಸುತ್ತಿತ್ತು. ಅದಕ್ಕೇ ತಂತಿಯಿಲ್ಲದ್ದು. ಡಬ್ಬದ ಮೇಲೆ ಡೀಪ್ ಬಾಸ್ ಎಂದಿತ್ತು, ಇಷ್ಟು ಗಂಟೆ ಬ್ಯಾಟರಿ ಎಂದಿತ್ತು, ನೀರು ಬಿದ್ದರೂ ಏನೂ ಆಗದು ಎಂದಿತ್ತು. ಎಲ್ಲವೂ ನಿಜ. ಎಷ್ಟು ಸಣ್ಣಗೆ ಹಾಡಬಲ್ಲದು ಎಂಬ ಮಾತು ಮಾತ್ರ ಇರಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಡಬ್ಬದ ಮೇಲೆ ಉತ್ತರ ಬರೆಯುವವರು ಯಾರು?

ಅದರೊಳಗೆ ಒಬ್ಬ ಹೆಂಗಸೂ ಇದ್ದಾಳೆ. ಗುಂಡಿ ಒತ್ತಿದ ಕೂಡಲೇ “ಪವರ್ ಆನ್!” ಎನ್ನುತ್ತಾಳೆ. ಫೋನಿನ ವಾಲ್ಯೂಮಿಗೂ ಅವಳಿಗೂ ಸಂಬಂಧವಿಲ್ಲ, ಅವಳ ಮಾತು ಹೆಡ್‌ಫೋನಿನೊಳಗೇ ತುಂಬಿಟ್ಟದ್ದು. ಕಲ್ಯಾಣಿಯ ಆಲಾಪನೆ ಮುಗಿಯುತ್ತಾ ಬಂದು, ಕಣ್ಣು ಎಳೆಯುತ್ತಿರುವ ಹೊತ್ತಿಗೆ “ಬ್ಯಾಟರಿ ಲೋ!” ಎಂದು ಅರಚುತ್ತಾಳೆ. ಅವಳ ಬ್ಯಾಟರಿ ಇಳಿದದ್ದಕ್ಕೆ ನನ್ನ ಬಿ.ಪಿ. ಏರಬೇಕು. ಬ್ಲೂಟೂತ್ ಎಂಬುದು ಹತ್ತನೇ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರು. ದೊರೆಯ ಹೆಸರಿಟ್ಟುಕೊಂಡದ್ದು ಅಪ್ಪಣೆ ಕೊಡಿಸದೆ ಪಿಸುಗುಟ್ಟೀತೇ?

ಇದು ಹೀಗೇಕೆ ಎಂದು ತಿಳಿದುಕೊಳ್ಳಲು ಹೋದರೆ, ತಪ್ಪು ಯಾರದ್ದೂ ಅಲ್ಲ ಎಂಬ ಸರ್ಕಾರಿ ಕಚೇರಿಯ ಉತ್ತರವೇ ಸಿಗುತ್ತದೆ. ಫೋನು ಸದ್ದನ್ನು ತಾನು ಕಡಿಮೆ ಮಾಡುವುದಿಲ್ಲ. 0ಯಿಂದ 127ರವರೆಗಿನ ಒಂದು ಅಂಕಿಯನ್ನು ಹೆಡ್‌ಫೋನಿಗೆ ಹೇಳಿ ಕೈತೊಳೆದುಕೊಳ್ಳುತ್ತದೆ. ಫೋನಿನಲ್ಲಿರುವುದು 15 ಮೆಟ್ಟಿಲು. ಮೊದಲನೆಯದು ಎಂದರೆ ಆ ಲೆಕ್ಕದಲ್ಲಿ ಸುಮಾರು 8. ಎಂಟೆಂದರೆ ಎಷ್ಟು ಜೋರು ಎಂಬುದು ಹೆಡ್‌ಫೋನ್ ಮಾಡಿದವರಿಗೆ ಬಿಟ್ಟದ್ದು. ಅವರೋ, ಮೆಟ್ರೋದಲ್ಲಿ ನಿಂತ ಹುಡುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವರು. ಅಲ್ಲದೆ ಕಿವಿಗೆ ಅಂಟಿ ಕೂರುವ ಈ ಪುಟ್ಟ ಸ್ಪೀಕರುಗಳ ಹಸಿವೂ ಪುಟ್ಟದು. ಒಂದು ಮಿಲಿವ್ಯಾಟ್ ಕೊಟ್ಟರೆ 100 ಡೆಸಿಬೆಲ್ ಆಸುಪಾಸು ಕೂಗಬಲ್ಲವು. ಡೆಸಿಬೆಲ್ಲಿನ ಗಣಿತದಲ್ಲಿ ಹತ್ತು ಇಳಿಸಬೇಕಾದರೆ ಶಕ್ತಿಯನ್ನು ಹತ್ತನೇ ಒಂದು ಮಾಡಬೇಕು. ನನ್ನ ಮಲಗುವ ಕೋಣೆಗೆ ಒಗ್ಗುವ 40ಕ್ಕೆ ತರಲು ಅದರ ದಶಲಕ್ಷದ ಒಂದು ಪಾಲು ಸಾಕು. ಅಷ್ಟು ಕಡಿಮೆ ಉಣಿಸುವ ನಾಜೂಕು ಯಾರಿಗೆ ಬೇಕಾಗಿದೆ?

ನಮ್ಮಪ್ಪನಿಗೆ ಬೇಕಾಗಿತ್ತು. ನಾವಿದ್ದದ್ದು ಮೈಸೂರಿನ ಒಂದು ವಠಾರದಲ್ಲಿ. ಗೋಡೆಗಳು ಇದ್ದವು ಎನ್ನುವುದಕ್ಕೆ ಬಾಗಿಲುಗಳೇ ಸಾಕ್ಷಿ. ಆಚೆ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದರೆ ಈಚೆ ಮನೆಯವರು ಇವತ್ತು ಹುಳಿಯೋ ಸಾರೋ ಎಂದು ಹೇಳುತ್ತಿದ್ದರು. ಅಂಥ ಕಡೆ ರೇಡಿಯೋ ಇಟ್ಟುಕೊಳ್ಳುವುದೆಂದರೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಿದರಷ್ಟೇ ಸಾಲದು, ಎಲ್ಲ ಮನೆಯವರ ನಿದ್ದೆಯ ಜವಾಬ್ದಾರಿಯನ್ನೂ ಹೊರಬೇಕು. ಮೈಸೂರಿನವರಿಗೆ ರೇಡಿಯೋ ಎಂದರೆ ತವರಿನ ಅಭಿಮಾನ. ಮಹಾರಾಜಾ ಕಾಲೇಜಿನ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಲ್ಲೇ ಬಾನುಲಿ ಕೇಂದ್ರ ಶುರುಮಾಡಿದ್ದನ್ನು ಅಪ್ಪ ತಾವೇ ಪಕ್ಕದಲ್ಲಿ ನಿಂತು ತಂತಿ ಹಿಡಿದುಕೊಟ್ಟವರಂತೆ ಹೇಳುತ್ತಿದ್ದರು. “ಮೂವತ್ತೇ ವ್ಯಾಟು ಕಣೇ, ಊರಿಗೆಲ್ಲ ಕೇಳಿಸ್ತು” ಎನ್ನುವಾಗ ಅವರ ದನಿ ಮಾತ್ರ ಮುನ್ನೂರು ವ್ಯಾಟಿನದಾಗಿರುತ್ತಿತ್ತು.

ಶನಿವಾರ ರಾತ್ರಿ ಒಂಬತ್ತೂವರೆಗೆ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ. 1952ರಿಂದ ನಡೆದುಬಂದದ್ದು. ಅಪ್ಪ ದೀಪ ಆರಿಸಿ, ರೇಡಿಯೋ ಪಕ್ಕದ ಸ್ಟೂಲಿನ ಮೇಲೆ ಕೂತು, ಗುಂಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯುತ್ತಿದ್ದರು. ಮೊದಲು ಟಕ್ ಎಂಬ ಸದ್ದು, ಡಯಲಿನ ಹಿಂದೆ ಹಳದಿ ಬೆಳಕು. ಆಮೇಲೆ ಗುಂಡಿ ತಿರುಗಿತೋ ಇಲ್ಲವೋ ಎಂಬಷ್ಟು ತಿರುವಿದರೆ ಕರಕರ ಎಂದು, ಅದರಾಚೆಗೆ ತಂಬೂರಿ. ಆ ಕರಕರ ಒಳಗಿನ ಇದ್ದಿಲಿನ ಪಟ್ಟಿ ಸವೆದದ್ದರಿಂದ. ರಿಪೇರಿಯವನು ಒಂದು ಹನಿ ಪೆಟ್ರೋಲ್ ಬಿಟ್ಟು ನಾಲ್ಕು ಸಲ ಅತ್ತಿತ್ತ ತಿರುವಿದರೆ ಕೆಲವು ತಿಂಗಳು ಸುಮ್ಮನಿರುತ್ತಿತ್ತು. ಬೇರೆಯವರ ರೇಡಿಯೋಗಳಲ್ಲಿ ಪಟ್ಟಿ ಎಲ್ಲಿ ಸವೆಯುತ್ತಿತ್ತೋ, ನಮ್ಮದರಲ್ಲಿ ಟಕ್ ಆದ ಮೇಲಿನ ಒಂದು ಗುಲಗಂಜಿ ಅಗಲದಷ್ಟೇ ಜಾಗ ಸವೆದಿತ್ತು. ಆ ಪಟ್ಟಿಯನ್ನು ಕಿವಿಯ ಜಾಯಮಾನ ನೋಡಿಯೇ ಮಾಡುತ್ತಿದ್ದರು. ಅರ್ಧ ತಿರುವಿದರೂ ಒಳಗೆ ಸಾಗಿಬರುತ್ತಿದ್ದದ್ದು ಅರ್ಧವಲ್ಲ, ಹತ್ತರಲ್ಲಿ ಒಂದೋ ಒಂದೂವರೆಯೋ ಪಾಲು. ಹಾಗಾಗಿ ತಳದಲ್ಲಿ ಓಡಾಡಲು ಧಾರಾಳ ಜಾಗವಿತ್ತು. ಅಪ್ಪನ ಸಂಗೀತವೆಲ್ಲ ಆ ತಳದಲ್ಲೇ ಮುಗಿಯಿತು.

ಸಣ್ಣಗೆ ಕೇಳುವುದರಲ್ಲಿ ಒಂದು ನಷ್ಟವಿದೆ, ಅದನ್ನೂ ಹೇಳಿಬಿಡಬೇಕು. ಸದ್ದು ಇಳಿದಂತೆ ಕಿವಿ ಮೊದಲು ಕೈಬಿಡುವುದು ಮಂದ್ರದ ನಾದಗಳನ್ನು. ಅಮೆರಿಕದ ಫ್ಲೆಚರ್, ಮನ್ಸನ್ ಎಂಬಿಬ್ಬರು 1933ರಲ್ಲೇ ಇದರ ನಕ್ಷೆ ಬರೆದಿಟ್ಟಿದ್ದಾರೆ. ಅಪ್ಪನಿಗೆ ಆ ನಕ್ಷೆ ಗೊತ್ತಿರಲಿಲ್ಲ, ಬೆರಳಿಗೆ ಗೊತ್ತಿತ್ತು. ತನಿ ಆವರ್ತನ ಶುರುವಾದ ಕೂಡಲೇ ಮೃದಂಗದ ಎಡದ ಗುಂಕಾರ ಕಳೆದುಹೋಗುತ್ತದೆಂದು ಒಂದು ಕೂದಲೆಳೆಯಷ್ಟು ಏರಿಸುತ್ತಿದ್ದರು. ಒಳಗಿನಿಂದ ಅಮ್ಮ, “ರೀ, ಮಗು ಏಳತ್ತೆ.” ಅಪ್ಪ ಇಳಿಸುತ್ತಿದ್ದರು. ಮತ್ತೆ ಏರಿಸುತ್ತಿದ್ದರು. “ರೀ.” ತನಿ ಮುಗಿಯುವವರೆಗೂ ಗಂಡಹೆಂಡಿರ ಈ ಸವಾಲ್-ಜವಾಬ್ ನಡೆಯುತ್ತಿತ್ತು. ಏಳತ್ತೆ ಎನ್ನಿಸಿಕೊಂಡ ಮಗು ಎಚ್ಚರವಾಗಿಯೇ ಇದ್ದು, ಉಸಿರು ಬಿಗಿಹಿಡಿದು ಕೇಳುತ್ತಿತ್ತೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಸದ್ದು ಅಷ್ಟು ಸಣ್ಣದಿದ್ದಾಗ ನಾವೇ ಅದರ ಹತ್ತಿರ ಹೋಗಬೇಕಾಗುತ್ತದೆ. ನನಗೆ ಸಂಗೀತ ಅಂಟಿಕೊಂಡದ್ದು ಹಾಗೆ ಹೋಗಿ ಹೋಗಿ.

ಇದೇ ಅಪ್ಪ ಎಂಬತ್ತು ದಾಟಿದ ಮೇಲೆ ಟೀವಿಯನ್ನು ಎಷ್ಟು ಜೋರಾಗಿ ಇಡುತ್ತಿದ್ದರೆಂದರೆ ವಾರ್ತೆ ಕೇಳಲು ಎದುರು ಮನೆಯವರು ತಮ್ಮದನ್ನು ಹಾಕಬೇಕಾಗಿರಲಿಲ್ಲ. “ಅಪ್ಪಾ, ಸ್ವಲ್ಪ ಸಣ್ಣಗೆ” ಎಂದರೆ, “ಸಣ್ಣಗೇ ಇದೆಯಲ್ಲೇ” ಎನ್ನುತ್ತಿದ್ದರು. ಜೀವಮಾನವಿಡೀ ಸಣ್ಣಗೆ ಇಟ್ಟವರೊಡನೆ ಆ ವಿಷಯದಲ್ಲಿ ವಾದಿಸಲು ನನಗೆ ಬಾಯಿ ಬರುತ್ತಿರಲಿಲ್ಲ.

ಹೆಡ್‌ಫೋನ್ ವಿಷಯಕ್ಕೆ ಬರುತ್ತೇನೆ. ಅಂಗಡಿಗೆ ತೆಗೆದುಕೊಂಡು ಹೋದೆ. ಹುಡುಗ ಕಿವಿಗೆ ಹಾಕಿಕೊಂಡು ತಲೆಯಾಡಿಸಿದ. “ಸೂಪರಾಗಿದೆಯಲ್ಲಾ ಮೇಡಂ, ಏನ್ ಪ್ರಾಬ್ಲಮ್ಮು?”

“ಸೌಂಡ್ ಜಾಸ್ತಿ.”

“ಕಮ್ಮಿ ಅಂತಾನಾ?”

“ಅಲ್ಲಪ್ಪ, ಜಾಸ್ತಿ.”

ಅವನು ಪಕ್ಕದ ಹುಡುಗನನ್ನು ಕರೆದ. ಇಬ್ಬರೂ ನನ್ನನ್ನು ನೋಡಿದರು. “ಆಂಟೀ, ಸೌಂಡ್ ಜಾಸ್ತಿ ಆಯ್ತು ಅಂತ ವಾಪಸ್ ತಂದಿರೋದು ನೀವೇ ಫಸ್ಟು” ಎಂದ. ಮೇಡಂ ಇದ್ದವಳು ಎರಡೇ ಮಾತಿಗೆ ಆಂಟಿಯಾಗಿದ್ದೆ. ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೆ ಅಜ್ಜಿ ಮಾಡುತ್ತಿದ್ದ. “ಕಿವಿದೇನಾದ್ರೂ ಪ್ರಾಬ್ಲಮ್ಮಾ?” ಎಂದೂ ಕೇಳಿದ. ಹೌದಪ್ಪ, ಚೆನ್ನಾಗಿ ಕೇಳಿಸುತ್ತದೆ, ಅದೇ ಪ್ರಾಬ್ಲಮ್ಮು ಎಂದು ಎದ್ದುಬಂದೆ.

ಮಗ ಉಪಾಯ ಹೇಳಿದ. ಫೋನಿನ ಸೆಟ್ಟಿಂಗ್ಸಿನಲ್ಲಿ ‘ಬಿಲ್ಡ್ ನಂಬರ್’ ಎಂಬುದಿದೆ, ಅದರ ಮೇಲೆ ಏಳು ಸಲ ಬೆರಳು ಬಡಿಯಬೇಕು. ಬಡಿದೆ. ನೀವೀಗ ಡೆವಲಪರ್ ಆಗಿದ್ದೀರಿ ಎಂದು ಫೋನು ಘೋಷಿಸಿತು. ಬೆಂಗಳೂರಿನಲ್ಲಿ ಇಷ್ಟು ವರ್ಷ ಸಂಸಾರ ಮಾಡಿಯೂ ಸಾಫ್ಟ್‌ವೇರಿನ ಗಾಳಿ ಸೋಕಿಸಿಕೊಳ್ಳದೆ ಉಳಿದಿದ್ದೆ, ಅದೂ ಆಗಿಹೋಯಿತು. ಅಲ್ಲಿ ‘ಅಬ್ಸಲ್ಯೂಟ್ ವಾಲ್ಯೂಮ್’ ಎಂಬುದನ್ನು ನಿಲ್ಲಿಸಿದರೆ ಫೋನಿನ ಸದ್ದು ಬೇರೆ, ಹೆಡ್‌ಫೋನಿನ ಸದ್ದು ಬೇರೆ. ಎರಡು ಕಡೆಯಿಂದಲೂ ಇಳಿಸಬಹುದು. ಇಳಿಸಿದೆ. ಹಾಡು ನಿಜವಾಗಿಯೂ ಸಣ್ಣಗಾಯಿತು. ಸಣ್ಣಗಾದ ಮೇಲೆ ಇಷ್ಟು ದಿನ ಅದರ ಹಿಂದೆ ಅಡಗಿದ್ದ ಸುಯ್ ಎಂಬ ಸದ್ದು ಮುಂದೆ ಬಂತು. ಅದು ಒಳಗಿನ ಆಂಪ್ಲಿಫೈಯರಿನ ಸ್ವಂತ ಉಸಿರಾಟ; ಯಾವ ಗುಂಡಿಗೂ ಇಳಿಯುವುದಿಲ್ಲ. ತಂಬೂರಿಯ ಜಾಗದಲ್ಲಿ ಅದನ್ನು ಕೇಳುತ್ತಾ ಮಲಗುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ.

ಕಾನೂನನ್ನೂ ನೋಡಿದೆ. ಶಬ್ದಮಾಲಿನ್ಯದ 2000ನೇ ಇಸವಿಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ ಮಿತಿ 45 ಡೆಸಿಬೆಲ್. ನನ್ನ ಕಿವಿಯನ್ನು ವಸತಿ ಪ್ರದೇಶವೆಂದು ಯಾರಾದರೂ ಘೋಷಿಸಿದ್ದರೆ ದೂರು ಕೊಡಬಹುದಿತ್ತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂದು ಗೆರೆ ಎಳೆದಿದೆ, ಅದು ಮೇಲಿನ ಗೆರೆ. ಏರಿಸುತ್ತಾ ಹೋದರೆ ಫೋನು ಕಿವಿ ಜೋಪಾನ ಎಂದು ಎಚ್ಚರಿಸುತ್ತದೆ. ಇಳಿಸುತ್ತಾ ಬಂದವಳಿಗೆ ಹೇಳಲು ಅದರ ಹತ್ತಿರ ಒಂದು ಮಾತೂ ಇಲ್ಲ.

ಒಂದು ಮಧ್ಯಾಹ್ನ ಬನಶಂಕರಿಯಿಂದ ಹೊರವರ್ತುಲ ರಸ್ತೆಯ 500 ಸರಣಿಯ ಬಸ್ಸು ಹತ್ತಿದಾಗ ಹೆಡ್‌ಫೋನ್ ಚೀಲದಲ್ಲಿತ್ತು. ಹಾಕಿಕೊಂಡೆ, ಒಂದಕ್ಕಿಟ್ಟೆ. ಎಂಜಿನ್ನಿನ ಗುರ್ರು, ಕಿಟಕಿ ಗಾಜಿನ ಗಡಗಡ, ಹೊರಗಿನ ಹಾರನ್ನು, ಇವುಗಳ ನಡುವೆ ತೋಡಿ ಎಷ್ಟು ಬೇಕೋ ಅಷ್ಟೇ ಕೇಳಿಸಿತು. ಕೇಳಿಸಿಯೂ ಕೇಳಿಸದಂತೆ, ನಾನು ಹತ್ತಿರ ಹೋಗುವಷ್ಟು ದೂರದಲ್ಲಿ. ಸಿಲ್ಕ್ ಬೋರ್ಡಿನಲ್ಲಿ ಬಸ್ಸು ನಿಂತರೂ ಬೇಸರವಾಗಲಿಲ್ಲ, ನಿರವಲ್ ನಡೆಯುತ್ತಿತ್ತು. 2023ರ ಜೂನಿನಿಂದ ಹೆಂಗಸರಾದ ನಮಗೆ ಸಾದಾ ಬಸ್ಸಿನ ಪ್ರಯಾಣ ಉಚಿತ. ಹಾಗಾಗಿ ಈಗ ಕೆಲಸವಿಲ್ಲದಿದ್ದರೂ ಆಧಾರ್ ಕಾರ್ಡ್ ಹಿಡಿದು ಹೊರಡುತ್ತೇನೆ. ಸರ್ಕಾರದ ಶಕ್ತಿ ಯೋಜನೆಯಲ್ಲಿ ಸಂಗೀತ ಕಚೇರಿಯೂ ಸೇರಿದೆಯೆಂದು ಯಜಮಾನರು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾರೆ.

ಮೊನ್ನೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾ ನನ್ನ ಕಿವಿ ನೋಡಿದರು. “ಅಷ್ಟು ಜೋರಾಗಿ ಇಟ್ಕೋಬಾರದಮ್ಮಾ, ಕಿವಿ ಹೋಗುತ್ತೆ” ಎಂದರು. ಒಂದರಲ್ಲಿದೆ ಎಂದು ಫೋನ್ ತೋರಿಸಿದೆ. ನಂಬಲಿಲ್ಲ.